ಸೊಪ್ಪಿನ ಮುದ್ದೆ, ಕಾಣದ ಸೂಜಿ

ಮುದ್ದೆ ಅಗಿಯುವವರನ್ನು ಕಂಡರೆ ನಮ್ಮ ಕಡೆ ನಗುತ್ತಾರೆ. ಸಾರಿನಲ್ಲಿ ಅದ್ದಿ ನುಂಗಬೇಕು, ಅಷ್ಟೇ. ಆ ನುಂಗುವ ಅಭ್ಯಾಸವನ್ನೇ ನಂಬಿ ನಾನೊಂದು ಹೊಸ ಅಡುಗೆ ಹೂಡಿದ್ದೆ. ಅದೇ ಅಭ್ಯಾಸ ಒಂದು ಮಧ್ಯಾಹ್ನ ನನ್ನ ಜೀವ ಹಿಂಡಿಬಿಟ್ಟಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ನನಗೆ ಹನ್ನೆರಡೋ ಹದಿಮೂರೋ. ಚನ್ನರಾಯಪಟ್ಟಣದ ಕಡೆಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆಂದು ಮಲ್ಲಿಪಟ್ಟಣದ ನಮ್ಮ ಮನೆಗೆ ಬಂದಿದ್ದಳು. ಅರಕಲಗೂಡಿನಿಂದ ಬಂದ ನರ್ಸಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಸಾಲದು, ನುಗ್ಗೆಸೊಪ್ಪು ತಿನ್ನಬೇಕು" ಎಂದು ಹೇಳಿಹೋದರು. ಅಕ್ಕನಿಗೋ ಸೊಪ್ಪೆಂದರೆ ವಾಕರಿಕೆ. ಅದಕ್ಕೇ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಎಸರಿನಲ್ಲೇ ಬೇಯಿಸಿ, ರಾಗಿಹಿಟ್ಟು ಸುರಿದು ಮುದ್ದೆ ತಿರುವತೊಡಗಿದೆ. ನುಂಗುವ ಮುದ್ದೆಯಲ್ಲಿ ಸೊಪ್ಪಿನ ರುಚಿ ಯಾರಿಗೆ ತಿಳಿದೀತು?

ಇನ್ನೊಂದು ಕೆಲಸ ಗುಟ್ಟಿನದು. ಹುಟ್ಟದ ಮಗುವಿಗೆ ಬಟ್ಟೆ ಹೊಲಿಯಬಾರದೆಂದು ನಮ್ಮಲ್ಲಿ ಕಟ್ಟುನಿಟ್ಟು. ಆದರೆ ಶಾಲೆಯಲ್ಲಿ ಹೊಲಿಗೆ ಕಲಿತ ಕೈ ಕೇಳಬೇಕಲ್ಲ! ಅಪ್ಪನ ಹಳೆಯ ಪಂಚೆ ಹರಿದು ಕೂಸಿನ ತಲೆಗೊಂದು ಕುಲಾವಿ ಹೊಲಿಯುತ್ತಿದ್ದೆ. ಎಸರು ಕುದಿಯುವಷ್ಟರಲ್ಲಿ ನಾಲ್ಕು ಹೊಲಿಗೆ ಹಾಕಿ, ಸೂಜಿಯನ್ನು ಬಟ್ಟೆಗೇ ಚುಚ್ಚಿ, ಹಿಟ್ಟಿನ ಮಡಕೆಯ ಹಿಂದೆ ತುರುಕುತ್ತಿದ್ದೆ.

ಅವತ್ತು ಅಕ್ಕ ಉಂಡೆದ್ದ ಮೇಲೆ ಕುಲಾವಿ ತೆಗೆದರೆ, ಸೂಜಿಯಿಲ್ಲ.

ನೆಲ ತಡವಿದೆ. ಹಿಟ್ಟನ್ನೆಲ್ಲ ಜರಡಿ ಹಿಡಿದೆ. ಪಾತ್ರೆಯ ತಳಕ್ಕೆ ಅಂಟಿದ್ದನ್ನು ಬೆರಳಲ್ಲಿ ಕೆರೆದೆ. ಎಲ್ಲೂ ಇಲ್ಲ. ಅಷ್ಟರಲ್ಲಿ ನಡುಮನೆಯಿಂದ ಅಕ್ಕ ಕೂಗಿದಳು: "ಲೇ, ಒಂದ್ ಲೋಟ ನೀರು ತತ್ತಾರೆ, ಗಂಟ್ಲು ಯಾಕೋ ಇಡ್ದಂಗಾಯ್ತದೆ."

ಓಡಿ ನೀರು ತಂದೆ. ಲೋಟ ಹಿಡಿದು ನಿಂತ ನನ್ನನ್ನು ನೋಡಿ ಅವಳು, "ಯಾಕೆ ಅಂಗ್ ಮೊಕ ಮಾಡ್ಕಂಡಿದ್ದೀಯೆ? ಮುದ್ದೆ ಚೆನ್ನಾಗೈತೆ ಬುಡು" ಎಂದು ಹೊಟ್ಟೆ ಸವರಿಕೊಂಡಳು. ಆ ಹೊಟ್ಟೆಯೊಳಗೆ ಸೂಜಿ ಎಲ್ಲಿ ಹೋಗಿ ನಾಟಿದೆಯೋ! ಹೇಳಿದರೆ ನನ್ನ ಕಳ್ಳಹೊಲಿಗೆ ಬಯಲು. ಹೇಳದಿದ್ದರೆ ಒಂದಲ್ಲ, ಎರಡು ಜೀವ.

ಜಗುಲಿಯಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯ ಮುಂದೆ ಕುಸಿದು ಕೂತೆ. "ಅಜ್ಜಿ, ಅಕ್ಕ ಸೂಜಿ ನುಂಗ್ಬುಟ್ಟವ್ಳೆ."

ಅಜ್ಜಿಯ ಕೈ ನಿಂತಿತು. "ಯಾವ್ ಸೂಜಿಲೇ?"

ಅಳುತ್ತ ಎಲ್ಲ ಒದರಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ನನ್ನದೇ ಸೂಜಿ, ಕೆಂಪು ದಾರದ ಸಮೇತ.

"ನೀನು ಅಕ್ಕನ್ನ ಊಟಕ್ಕೆ ಕರ್ಯಕೆ ಓದಾಗ ನಾನೇ ಕಿತ್ಕಂಡೆ."

"ಯೋಳ್ಬಾರ್ದಾಗಿತ್ತಾ ಅಜ್ಜಿ?" ನನಗೆ ಸಿಟ್ಟೂ ಬಂತು, ಉಸಿರೂ ಬಂತು.

ಅಜ್ಜಿ ಹುಣಿಸೆಬೀಜಗಳನ್ನು ಒಂದು ಕಡೆ ಸರಿಸಿದಳು. "ನಿಮ್ಮಪ್ಪನ್ಗಿಂತ ಮುಂಚಿನ ಕೂಸ್ಗೆ, ಅದು ಉಟ್ಟೋಕ್ಮುಂಚೆ, ನಾನೂ ಒಂದು ಕುಲಾವಿ ಒಲ್ದಿದ್ದೆ ಕಣವ್ವ. ಅದನ್ನ ಆಕಕ್ಕೆ ತಲೆ ಉಳೀಲಿಲ್ಲ."

ಅಲ್ಲಿಂದ ಹೆರಿಗೆಯವರೆಗೆ ಅಕ್ಕನಿಗೆ ಸೊಪ್ಪಿನ ಮುದ್ದೆ ತಪ್ಪಲಿಲ್ಲ. ಆದರೆ ಬಡಿಸುವ ಮುಂಚೆ ಪ್ರತಿ ಮುದ್ದೆಯನ್ನೂ ಮುರಿದು ನೋಡುತ್ತಿದ್ದೆ. ಸೂಜಿ ಅಜ್ಜಿಯ ಗಂಟಿನಲ್ಲಿದೆಯೆಂದು ಗೊತ್ತಿದ್ದರೂ ನೋಡುತ್ತಿದ್ದೆ. ಅಜ್ಜಿಯ ಹೆದರಿಕೆ ಈಗ ನನ್ನದೂ ಆಗಿತ್ತು.

ಕೋಣೆಯಿಂದ ಮಗುವಿನ ಅಳು ಕೇಳಿದ ದಿನ ಅಜ್ಜಿ ಹೊರಗೆ ಬಂದು ಗಂಟು ಬಿಚ್ಚಿ, "ಈಗ ಒಲಿ" ಎಂದಳು. ಅವಸರಕ್ಕೆ ಹೊಲಿಗೆ ಸೊಟ್ಟಗಾಯಿತು, ಕುಲಾವಿಯೂ ದೊಡ್ಡದಾಯಿತು. ಬಿಚ್ಚಿ ಹೊಲಿಯಲು ಹೋದರೆ ಅಜ್ಜಿ ಬಿಡಲಿಲ್ಲ.

"ದೊಡ್ದಾಗೇ ಇರ್ಲಿ ಬುಡವ್ವ. ತಲೆ ಬೆಳೀತದೆ."