ಬಾವಿಯ ಮೆಟ್ಟಿಲ ಮೇಲೆ ಗನಿ ಸಾಹೇಬರು

ಗನಿ ಸಾಹೇಬರು ಯಾರ ಮನೆಗೆ ಹೋದರೂ ಮೊದಲು ಆ ಮನೆಯವರ ಮರ್ಯಾದೆ ಕಳೆಯುತ್ತಿದ್ದರು. ಅದೂ ಬಹಳ ಪ್ರೀತಿಯಿಂದ. ತಂಬಿಗೆಯಲ್ಲಿ ನೀರು ಕೊಟ್ಟರೆ ಶೇರವಾನಿಯ ಜೇಬಿನಿಂದ ಮಡಿಸಿದ ಮಲ್‌ಮಲ್ ಬಟ್ಟೆ ತೆಗೆದು, ಲೋಟದ ಬಾಯಿಗೆ ಹಾಸಿ, ಸೋಸಿಯೇ ಕುಡಿಯುವರು. ಕುಡಿದು ಸುಮ್ಮನಾದರೆ ಚಿಂತೆಯಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಅದರ ಮೇಲೆ ಮಿಸುಕಾಡುವ ಬಿಳಿ ಚುಕ್ಕೆಗಳನ್ನು ಯಜಮಾನನಿಗೆ ತೋರಿಸಿ, “ಇವರೂ ನಿಮ್ಮ ಮನಿ ಮಂದೀನ ಏನ್ರಿ?” ಎಂದು ಕೇಳುವರು. ಒಬ್ಬ ಗೌಡರು ಇದರಿಂದ ಬೇಸತ್ತು, ನೀರಿನ ಬದಲು ಮಜ್ಜಿಗೆ ಕೊಟ್ಟು ನೋಡಿದರು. ಸಾಹೇಬರು ಮಜ್ಜಿಗೆಯನ್ನೂ ಸೋಸಿದರು.

ಅವರು ಗಂಗಾವತಿಯ ಭತ್ತದ ವ್ಯಾಪಾರಿಯ ಮಗ. ಹೈದರಾಬಾದಿಗೆ ಹೋಗಿ ಓದಿ ಡಾಕ್ಟರಾದರೂ ನಾಡಿ ಹಿಡಿಯುವ ಕೆಲಸಕ್ಕೆ ಹೋಗದೆ, ಪ್ರಯೋಗಶಾಲೆಯಲ್ಲಿ ಕೂತು ನಾರುಹುಳದ ಬೆನ್ನು ಹತ್ತಿದ್ದರು. ಆ ಹುಳದ ಹೆಸರು ಕೇಳಿದರೆ ಈಗಿನವರಿಗೆ ಏನೂ ಅನ್ನಿಸಲಿಕ್ಕಿಲ್ಲ. ಆಗ ನಮ್ಮ ಯಲಬುರ್ಗಾ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಓಣಿಯ ಕಟ್ಟೆಗಳ ಮೇಲೆ ಕಾಲು ಚಾಚಿ ನರಳುವವರ ಸಾಲೇ ಇರುತ್ತಿತ್ತು. ಕಾಲಿನಲ್ಲಿ ಗುಳ್ಳೆಯೆದ್ದು, ಒಡೆದು, ದಾರದಂಥ ಹುಳ ತಲೆ ಹಾಕುವುದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಜೀವ ಹಿಂಡುವುದು. ಸಾಹೇಬರ ತಾಯಿ ಇದರಿಂದಲೇ ಕುಂಟಿಯಾಗಿದ್ದರಂತೆ.

ನಮ್ಮ ಸೀಮೆ ಆಗ ಹೈದರಾಬಾದಿನ ಆಳ್ವಿಕೆಯಲ್ಲಿತ್ತು, ಸರ್ಕಾರದ ಮಾತು ಉರ್ದು. ಅವರಂಥ ಸಂಶೋಧಕರು ತಾವು ಕಂಡುಕೊಂಡದ್ದನ್ನು ಜನರಿಗೂ ತಿಳಿಸಲಿ ಎಂದು ಹೈದರಾಬಾದಿನ ಒಂದು ಕಚೇರಿಯವರು ಒಂದು ವರ್ಷ ಹಣ ಮಂಜೂರು ಮಾಡಿದರು. ಹಣದ ಬಾಲಕ್ಕೆ ಷರತ್ತುಗಳಿದ್ದವು. ಭಾಷಣ ಉರ್ದುವಿನಲ್ಲಿರಬೇಕು, ಸಭೆಗೆ ಅಧ್ಯಕ್ಷರಿರಬೇಕು, ಕುರ್ಚಿ ಮೇಜು ಹೂಮಾಲೆ ಚಹಾ ಎಲ್ಲ ಇರಬೇಕು. ಜನರಿಗೆ ಉರ್ದು ತಿಳಿಯದಿದ್ದಲ್ಲಿ ದುಭಾಷಿಯನ್ನು ಇಟ್ಟುಕೊಳ್ಳಬಹುದು. ಆ ದುಭಾಷಿ ನಾನು. ಯಲಬುರ್ಗಾದ ಶಾಲೆಯಲ್ಲಿ ಆಗಷ್ಟೇ ಮಾಸ್ತರನಾಗಿದ್ದೆ.

ಮೊದಲ ಸಭೆಯಲ್ಲಿ ಅಧ್ಯಕ್ಷರು ಸಾಹೇಬರಿಗಿಂತ ಹೆಚ್ಚು ಹೊತ್ತು ಮಾತಾಡಿದರು, ಅದೂ ಹುಳವೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ. ಆಮೇಲೆ ಸಾಹೇಬರು ಗಂಭೀರ ಉರ್ದುವಿನಲ್ಲಿ ಶುರುಮಾಡಿದರು. ನಾನು ಪುಸ್ತಕದ ಕನ್ನಡದಲ್ಲಿ “ಜಲದಲ್ಲಿ ವಾಸಿಸುವ ಸೂಕ್ಷ್ಮ ಕೀಟಗಳು” ಎಂದು ಹೇಳುತ್ತಿದ್ದಂತೆ ಅವರೇ ನನ್ನ ಕಡೆ ಬಾಗಿ, ಹಂಗಲ್ಲ, ನೀರಾಗಿನ ಸಣ್ಣ ಹುಳ ಅನ್ನಬೇಕೆಂದು ತಿದ್ದಿದರು. ನನಗೆ ಆಶ್ಚರ್ಯ. ಇಷ್ಟು ಚೆಂದದ ಕನ್ನಡ ಬರುವಾಗ ನಾನೇಕೆ ಬೇಕು ಎಂದು ಆಮೇಲೆ ಕೇಳಿದೆ.

“ಉರ್ದು ಮಾತಿಗೆ ರೊಕ್ಕ ಕೊಡ್ತಾರ, ಮಾಸ್ತರ,” ಎಂದರು. “ಕನ್ನಡ ನಮ್ಮ ಮನೀದು. ಅದಕ್ಕ ಯಾರ ಕೊಡ್ತಾರ?”

ಹೀಗೆ ಊರೂರು ತಿರುಗಿದೆವು. ಜನ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರುವವರ ಮನೆಗಳಲ್ಲಿ ಸೇದುವ ಬಾವಿಗಳಿದ್ದವು. ನಾರು ಬರುತ್ತಿದ್ದದ್ದು ಊರ ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬುವವರಿಗೆ, ಮತ್ತು ಆ ಹೊತ್ತಿಗೆ ಅವರು ಹೊಲದಲ್ಲಿರುತ್ತಿದ್ದರು.

ಎಲ್ಲ ಬದಲಾದದ್ದು ತಳಕಲ್ಲು ಎಂಬ ಹಳ್ಳಿಯಲ್ಲಿ. ಅಲ್ಲಿ ನೀಲವ್ವ ಎಂಬ ಮುದುಕಿಯಿದ್ದಳು. ನಾರಿನ ನೋವನ್ನು ಹಲವು ಬೇಸಿಗೆ ಉಂಡವಳು, ಬಾವಿಯ ಹತ್ತಿರದ ಮನೆಯವಳು, ಬಾಯಿ ಜೋರು. ಭಾಷಣದ ಮರುದಿನ ಬೆಳಿಗ್ಗೆ ಸಾಹೇಬರು ತಮ್ಮ ಸೂಕ್ಷ್ಮದರ್ಶಕವನ್ನು, ಜನರ ಬಾಯಲ್ಲಿ ಅದು ದುರ್ಬೀನು, ಬಾವಿಯ ಮೆಟ್ಟಿಲ ಮೇಲಿಟ್ಟುಕೊಂಡು ನೀರು ನೋಡುತ್ತಿದ್ದರು. ನೀಲವ್ವ ಕೊಡ ಇಳಿಸಿ, ಏನು ನೋಡುತ್ತಿ ಎಂದಳು. ಹುಳ ಎಂದರು. ಅವಳಿಗೆ ಸಿಟ್ಟು ಬಂತು.

“ಹುಳ ನಿನ್ನ ಗಾಜಿನಾಗ ಇದ್ದಿರಬೇಕು, ಸಾಹೇಬಾ. ನಮ್ಮ ಬಾವಿ ಮ್ಯಾಲ ಯಾಕ ಹಾಕ್ತಿ?”

ಹಾಗಾದರೆ ನೀವೇ ತೊಳೆಯಿರಿ ಯವ್ವಾ ಎಂದು ಸಾಹೇಬರು ಗಾಜಿನ ಪಟ್ಟಿಯನ್ನು ಅವಳ ಕೈಗಿಟ್ಟರು. ಮುದುಕಿ ಬೂದಿ ಹುಣಸೆಹಣ್ಣು ತರಿಸಿ, ಹಿತ್ತಾಳೆ ಚರಿಗೆಯನ್ನು ತಿಕ್ಕುವ ಹಾಗೆ ತಿಕ್ಕಿದಳು. ತಾನೇ ಒಂದು ಹನಿ ಬಾವಿನೀರು ಬಿಟ್ಟು, ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.

“ಇದಕ್ಕ ಒಂದ ಕಣ್ಣ ಐತಿ,” ಎಂದಳು ಮೆಲ್ಲಗೆ. “ನನ್ನ ನೋಡಾಕ ಹತ್ತೇತಿ.”

ಅಷ್ಟಾದ ಮೇಲೆ ಭಾಷಣವೇ ಬೇಕಾಗಲಿಲ್ಲ. ಊರ ಹೆಂಗಸರೆಲ್ಲ ಸಾಲುಗಟ್ಟಿದರು. ಸೋಸಿದ ನೀರಿನ ಹನಿಯನ್ನೂ ಸಾಹೇಬರು ತೋರಿಸಿದರು, ಅದರಲ್ಲಿ ಹುಳವಿರಲಿಲ್ಲ. ನಾರು ಹೊರಟ ಕಾಲನ್ನು ನೀರಿಗಿಟ್ಟರೆ ನಾರಿನ ಮರಿಗಳು ಬಾವಿಗಿಳಿಯುತ್ತವೆ, ಈ ಒಕ್ಕಣ್ಣಿನ ಹುಳಗಳು ಅವನ್ನು ತಿನ್ನುತ್ತವೆ, ನಾವು ಇವನ್ನು ಕುಡಿಯುತ್ತೇವೆ, ಮರಿ ನಮ್ಮ ಮೈಯೊಳಗೆ ಒಂದು ವರ್ಷ ಬೆಳೆದು ಕಾಲಿನಿಂದ ಹೊರಬರುತ್ತದೆ ಎಂದು ತಮ್ಮ ಗಂಗಾವತಿ ಪೇಟೆಯ ಕನ್ನಡದಲ್ಲೇ ಹೇಳಿದರು. ನಾನು ಸಾಲಿನವರ ಕೊಡಗಳನ್ನು ಕಾಯುತ್ತಿದ್ದೆ. ಮರುದಿನದಿಂದ ಹುಣ್ಣಿನ ಕಾಲಿನವರು ಬಾವಿಗಿಳಿಯದಂತೆ ನೀಲವ್ವ ಮೆಟ್ಟಿಲಿಗೆ ಅಡ್ಡ ಕೂತಳು. ಸಾಹೇಬರು ಕುರ್ಚಿ ಮೇಜು ಹೂಮಾಲೆಗಳನ್ನು ಬಿಟ್ಟು, ಬೆಳಿಗ್ಗೆ ನೀರು ತರುವ ಹೊತ್ತಿಗೆ ಬಾವಿ ಬಾವಿಗೆ ಹೋಗತೊಡಗಿದರು.

ದೂರು ಹೋಯಿತು. ಅಧ್ಯಕ್ಷತೆ ಕೈತಪ್ಪಿದವರು ಯಾರೋ ಬರೆದಿರಬೇಕು. ಹೈದರಾಬಾದಿನಿಂದ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ನಾವಾಗ ಮತ್ತೆ ತಳಕಲ್ಲಿಗೆ ಹೋಗಿದ್ದೆವು. ಅಧಿಕಾರಿ ಬಾವಿಗೇ ಬಂದು, ಭಾಷಣ ಎಲ್ಲಿ ಎಂದು ಉರ್ದುವಿನಲ್ಲಿ ಕೇಳಿದರು. ನಡೆಯುತ್ತಿದೆ ಎಂದರು ಸಾಹೇಬರು. ಅಧ್ಯಕ್ಷರು ಯಾರು ಎಂದರು. ಸಾಹೇಬರು ಕಣ್ಣು ಮಿಟುಕಿಸದೆ ನೀಲವ್ವನ ಕಡೆ ಕೈ ತೋರಿಸಿದರು.

ಅಧಿಕಾರಿಗೆ ಬಾಯಾರಿತ್ತು. ನೀರು ಬೇಕೆಂದರು. ನೀಲವ್ವ ಸೆರಗಿನ ತುದಿಯನ್ನು ತಂಬಿಗೆಯ ಬಾಯಿಗೆ ಹಿಡಿದು ಸೋಸಿ, ಚುಕ್ಕೆಗಳನ್ನು ಅವರ ಮೂಗಿನ ಹತ್ತಿರ ತಂದಳು.

“ಸೋಸದ ಕುಡದ್ರ ಇವತ್ತ ಬಸುರಾಗ್ತೀರಿ, ಸಾಹೇಬ್ರ. ಮುಂದಿನ ವರ್ಷ ಕಾಲಾಗ ಹಡೀತೀರಿ.”

ಅಷ್ಟು ದೊಡ್ಡ ಅಧಿಕಾರಿಗೆ ಇದನ್ನು ಉರ್ದುವಿನಲ್ಲಿ ಹೇಗೆ ಹೇಳುವುದು? ಸೋಸದ ನೀರು ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ ಎಂದೆ.

“ಪೂರ್ತಿ ಹೇಳ್ರಿ, ಮಾಸ್ತರ,” ಎಂದರು ಗನಿ ಸಾಹೇಬರು.

ಪೂರ್ತಿ ಹೇಳಿದೆ. ಅಧಿಕಾರಿ ತಮ್ಮ ಕಾಲುಗಳನ್ನು ಒಂದು ಸಲ ನೋಡಿಕೊಂಡರು. ಆಮೇಲೆ ದುರ್ಬೀನಿಗೆ ಬಗ್ಗಿದರು, ಏಳಲೇ ಇಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬಳು ತನ್ನ ಸರದಿ ತಪ್ಪಿತೆಂದು ಗೊಣಗಿದಳು. ಹೊರಡುವಾಗ ಅವರು ಸಾಹೇಬರ ಕೈ ಕುಲುಕಿ, ಇಂಥ ಭಾಷಣವನ್ನು ತಾವು ಕೇಳಿಯೇ ಇರಲಿಲ್ಲ, ಆದರೆ ನಿಯಮದ ಪ್ರಕಾರ ಇದು ಭಾಷಣವೇ ಅಲ್ಲ ಎಂದರು. ಎರಡೂ ನಿಜವೇ. ಮುಂದಿನ ವರ್ಷ ಮಂಜೂರಿ ಬರಲಿಲ್ಲ.

ಸಾಹೇಬರು ಒಂದು ದಿನ ಪೂರ್ತಿ ಮಂಕಾಗಿದ್ದರು. ಮರುದಿನ, ನಿಯಮ ಹೋದದ್ದು ಛಲೋ ಆಯಿತು, ಇನ್ನು ಮಾಲೆ ಹಾಕಿಸಿಕೊಳ್ಳುವ ಕಾಟವಿಲ್ಲ ಎಂದರು. ಆಮೇಲೆ ಪ್ರತಿ ಬೇಸಿಗೆಯಲ್ಲೂ ರಜೆ ಹಾಕಿ, ಕೊಪ್ಪಳದ ಸ್ಟೇಷನ್ನಿನಲ್ಲಿ ದುರ್ಬೀನಿನ ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ಇಳಿಯುತ್ತಿದ್ದರು. ಸಂಬಳವಿಲ್ಲದ ದುಭಾಷಿಯಾಗಿ ನಾನು ಬಂಡಿ ಹೂಡಿಸಿಕೊಂಡು ಹೋಗುತ್ತಿದ್ದೆ. ದುಭಾಷಿಯ ಕೆಲಸವೇನೂ ಇರಲಿಲ್ಲ. ಅವರು ಸೋಸಿದ ಚುಕ್ಕೆಗಳನ್ನು ನೋಡಿ ಮನೆಯವರು ಬೈಯುವಾಗ ಜೊತೆಗೊಬ್ಬರು ಬೇಕಿತ್ತು, ಅಷ್ಟೇ.

ಕೊನೆಗೆ ಅವರ ಆರೋಗ್ಯ ಕೆಟ್ಟು ಬರುವುದು ನಿಂತಿತು. ನಾನು ಹೈದರಾಬಾದಿಗೆ ಹೋದಾಗ ಅವರ ಮನೆ ಹುಡುಕಿ ಹೋದೆ. ಮಂಚದ ಮೇಲಿದ್ದರು, ಬಹಳ ಸೊರಗಿದ್ದರು. ಕನ್ನಡ ಬಾರದ ಮನೆಯವರೆಲ್ಲ ಸುತ್ತ ಇದ್ದುದರಿಂದ ನಾನು ಉರ್ದುವಿನಲ್ಲೇ ಮಾತಾಡಿದೆ. ನೀಲವ್ವ ತೀರಿಕೊಂಡಳೆಂದೆ. ತಳಕಲ್ಲಿನಲ್ಲಿ ಈ ಬೇಸಿಗೆ ನಾರು ಕಾಣಿಸಿಕೊಂಡಿಲ್ಲ ಎಂದೂ ಹೇಳಿದೆ.

ಸಾಹೇಬರು ದಿಂಬಿನ ಮೇಲೆಯೇ ಮುಖವನ್ನು ನನ್ನ ಕಡೆ ತಿರುಗಿಸಿದರು.

“ಅದನ್ನ ಕನ್ನಡದಾಗ ಹೇಳ್ರಿ, ಮಾಸ್ತರ,” ಎಂದರು.

ಹತ್ತಿರ ಸರಿದು ಕೂತೆ. “ಈ ಬ್ಯಾಸಗಿ ತಳಕಲ್ಲಾಗ ಯಾರೂ ಕಾಲ ಚಾಚಿ ಕುಂತಿಲ್ರಿ ಸಾಹೇಬ್ರ. ಎಲ್ಲಾರೂ ಹೊಲಕ್ಕ ಹೋಗ್ಯಾರ.”

ಅವರು ಕಣ್ಣು ಮುಚ್ಚಿಕೊಂಡು, ಇನ್ನೊಮ್ಮೆ ಎಂಬಂತೆ ಬೆರಳು ಆಡಿಸಿದರು. ನಾನು ಇನ್ನೊಮ್ಮೆ ಹೇಳಿದೆ.