ಮದ್ದು ಹಾಕಿದ ಮೀನು

ಆಗೆಲ್ಲ ಮಾರಿಕಣಿವೆಯ ಹಿನ್ನೀರಿನ ದಡದಲ್ಲಿ ಹೊಸಬರೊಬ್ಬರು ಕೂತು ಬೂಟು ಬಿಚ್ಚಿದರೆ ಸಾಕು, ಕಾಲುಚೀಲ ಯಾವ ಬಣ್ಣದ್ದು ಎಂಬ ಸುದ್ದಿ ಊರಿಗೆ ತಲುಪಿರುತ್ತಿತ್ತು. ಅಂಥ ಕಾಲದ ಒಂದು ಬೇಸಿಗೆಯಲ್ಲಿ, ಹಿರಿಯೂರಿನ ಬ್ಯಾಂಕಿಗೆ ವರ್ಗವಾಗಿ ಬಂದ ಒಬ್ಬರು ರಜೆಯ ದಿನಗಳಲ್ಲಿ ಹ್ಯಾಟು ಹಾಕಿಕೊಂಡು ನಮ್ಮ ದಡಕ್ಕೆ ಬರತೊಡಗಿದರು. ಊರು ಅವರಿಗೆ ಹ್ಯಾಟ್ ಸಾರ್ ಎಂದು ಹೆಸರಿಟ್ಟಿತು.

ಅವರ ಗಾಳದ ಕಡ್ಡಿ ನಮ್ಮ ಬಿದಿರಿನಂತಲ್ಲ, ಮುಟ್ಟಿದರೆ ಮುರಿಯುವಷ್ಟು ತೆಳ್ಳಗೆ. ಎರೆಹುಳ ಕಟ್ಟುತ್ತಿರಲಿಲ್ಲ. ಗಾಳಕ್ಕೆ ಕೋಳಿಪುಕ್ಕ, ಪುಕ್ಕಕ್ಕೆ ಕೆಂಪು ದಾರ. ತಲೆಯ ಮೇಲೆ ಗಾಳದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ, ಆ ಪುಕ್ಕವನ್ನು ನೊಣ ಕೂತಂತೆ ನೀರಿನ ಮೇಲೆ ಇಳಿಸುತ್ತಿದ್ದರು. ಗೆಂಡೆ ಮೀನು ಹಾರಿ ಕಚ್ಚುತ್ತಿತ್ತು. ಇಲ್ಲಿಯವರೆಗೆ ಊರಿನ ತಕರಾರಿರಲಿಲ್ಲ. ಆಮೇಲೆ ಅವರು ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನೊಳಗೇ ಹಿಡಿದು, ಏನೋ ಗೊಣಗಿ, ಗಾಳ ಬಿಡಿಸಿ ಬಿಟ್ಟುಬಿಡುತ್ತಿದ್ದರು!

ಟೀ ಅಂಗಡಿಯ ತಿಪ್ಪೇಶಣ್ಣ ಅದಕ್ಕೆ ತೀರ್ಪು ಕೊಟ್ಟ.

"ಪುಕ್ಕ ಐತೆ, ಕೆಂಪು ದಾರ ಐತೆ, ಬಾಯಾಗೆ ಮಂತ್ರ ಐತೆ. ಹಿಡಿದ ಮೀನ ಯಾವನಾದ್ರೂ ಸುಮ್ನೆ ಬಿಡ್ತಾನೇನ್ಲೇ? ಮದ್ದು ಹಾಕಿ ಬಿಡ್ತಾನೆ. ತಿಂದೋರು ಅವನು ಹೇಳ್ದಂಗೆ ಕೇಳ್ಬೇಕು."

"ಕೇಳಿ ಏನ್ ಮಾಡ್ಬೇಕಂತಣ್ಣ?" ಎಂದೆ.

"ಬ್ಯಾಂಕಿನೋನು ಕಣೋ. ಬಿಡಿಸಿ ಬೇರೆ ಹೇಳ್ಬೇಕಾ?"

ನಾನು ಹತ್ತಿಕಡ್ಡಿಗೆ ದಾರ ಕಟ್ಟಿ ಬೀಸಿ ಹ್ಯಾಟ್ ಸಾರ್ ಆಗುತ್ತಿದ್ದೆ. ಮರುಗಳಿಗೆಗೆ ಒಂದು ಹುಬ್ಬು ಏರಿಸಿ ತಿಪ್ಪೇಶಣ್ಣ ಆಗುತ್ತಿದ್ದೆ. ಹುಡುಗರು ಹೊಟ್ಟೆ ಹಿಡಿದು ನಗುತ್ತಿದ್ದರು. ಇಂಥ ಧೀರ, ಅಂದಿನಿಂದ ಮನೆಯಲ್ಲಿ ಮೀನು ಮುಟ್ಟಲಿಲ್ಲ. ಹುಣಸೆಹುಳಿ ಹಾಕಿದ ಮೀನುಸಾರು ಕುದಿಯುವಾಗ ಮೂಗು ಒಲೆಯ ಕಡೆ, ಕಾಲು ಬೀದಿಯ ಕಡೆ.

ನಗದೇ ಇದ್ದವಳು ದೊಡ್ಡಮ್ಮ ಒಬ್ಬಳೇ. ದೊಡ್ಡಪ್ಪ ತೆಪ್ಪದಲ್ಲಿ ಹೋಗಿ ಬಲೆ ಬಿಟ್ಟು ತಂದ ಮೀನನ್ನು ಅವಳು ಜವನಗೊಂಡನಹಳ್ಳಿಯ ಸಂತೆಯಲ್ಲಿ ಮಾರಿದರೇ ಆ ಮನೆಯಲ್ಲಿ ಒಲೆ ಉರಿಯುವುದು. ಮದ್ದಿನ ಮಾತು ಸಂತೆ ಮುಟ್ಟಿದ ವಾರ ಅವಳ ಪುಟ್ಟಿ ಹೋದಷ್ಟೇ ಭಾರವಾಗಿ ತಿರುಗಿ ಬಂತು. ಮುಂದಿನ ವಾರವೂ ಹಾಗೆಯೇ. ಉಪ್ಪು ಹಚ್ಚಿ ಒಣಹಾಕಿದ ಮೀನು ಅಂಗಳದ ತುಂಬ. ಕಾಗೆಗಳಿಗೆ ಮಾತ್ರ ಹಬ್ಬ.

"ಬಾರ್ಲೇ, ಹೋಗಾಣ" ಎಂದು ದೊಡ್ಡಮ್ಮ ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದೊಯ್ದಳು.

"ನೀರಾಗೆ ಕೈ ಇಟ್ಟು ಏನ್ ಹಾಕ್ತೀರಿ ಸಾರ್?"

"ಏನೂ ಹಾಕಲ್ಲಮ್ಮ. ಒಣ ಕೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆ ಹೋಗುತ್ತೆ. ಅದಕ್ಕೇ ಒದ್ದೆ ಮಾಡ್ಕೊಳ್ಳೋದು."

"ಗೊಣಗೋದು?"

"ಹೋಗಪ್ಪ, ದೊಡ್ಡವನಾಗು ಅಂತೀನಿ."

"ಮತ್ಯಾಕೆ ಬಿಡೋದು?"

"ಎಲ್ಲರೂ ಒಯ್ದರೆ ನಾಳೆಗೆ ಗೆಂಡೆ ಎಲ್ಲಿರುತ್ತಮ್ಮ?"

"ಅಷ್ಟು ಮರುಕ ಇದ್ರೆ ಹಿಡೀದೇ ಇರ್ರಿ! ಬಾಯಿಗೆ ಚುಚ್ಚಿ ಆಶೀರ್ವಾದ ಮಾಡ್ತೀರಲ್ಲ."

ಸಾರ್ ಅವರ ಕಿವಿ ಕೆಂಪಾಯಿತು.

ನಮ್ಮ ಕಡೆ ಮದ್ದಿನ ಅನುಮಾನ ಬಂದರೆ, ಅನುಮಾನ ಯಾರ ಮೇಲೋ ಅವರೇ ಮೊದಲ ತುತ್ತು ತಿಂದು ತೋರಿಸಬೇಕು. ದೊಡ್ಡಮ್ಮ ಅದನ್ನೇ ಕೇಳಿದಳು. "ಸಂತೆಗೆ ಬರ್ರಿ. ಈ ನೀರಿನ ಮೀನು ನಾನು ಹುರೀತೀನಿ, ನೀವು ಎಲ್ಲರ ಎದುರಿಗೆ ತಿನ್ರಿ."

"ನಾನು ಮೀನು ತಿನ್ನಲ್ಲಮ್ಮ. ನಮ್ಮ ಮನೇಲಿ ಯಾರೂ ತಿನ್ನಲ್ಲ."

ತಿನ್ನದವನು ಹಿಡಿಯುತ್ತಾನೆ! ನಾನು ಮೆಲ್ಲಗೆ ದೊಡ್ಡಮ್ಮನ ಸೆರಗಿನ ಹಿಂದೆ ಸರಿದೆ. ಅವಳು ಕದಲಲಿಲ್ಲ.

"ನೀವು ತಿನ್ನದಿದ್ರೆ ನಮ್ಮ ಮನೇಲೂ ಯಾರೂ ತಿನ್ನಂಗಿಲ್ಲ ಸಾರ್. ಮೀನಲ್ಲ, ಅನ್ನ."

ಸಂತೆಯ ದಿನ ಹ್ಯಾಟ್ ಸಾರ್ ಬಂದರು. ದೊಡ್ಡಮ್ಮ ಖಾರ ಹಚ್ಚಿದ ಗೆಂಡೆಯನ್ನು ಕಾವಲಿಯ ಮೇಲೆ ಹುರಿದು ಮುತ್ತುಗದ ಎಲೆಯಲ್ಲಿ ಕೊಟ್ಟಳು. ಸುತ್ತ ಜನ, ಎಲ್ಲರಿಗಿಂತ ಮುಂದೆ ತಿಪ್ಪೇಶಣ್ಣ. ಸಾರ್ ಕಣ್ಣು ಮುಚ್ಚಿ, ಅರ್ಧ ಮೀನನ್ನು ಒಂದೇ ಸಲಕ್ಕೆ ಬಾಯಿಗಿಟ್ಟು, ಕಡಲೆಪುರಿ ಅಗಿದಂತೆ ಅಗಿದು ನುಂಗಿದರು. ನುಂಗಿದವರು ಗಂಟಲು ಹಿಡಿದುಕೊಂಡು ಕಣ್ಣುಗುಡ್ಡೆ ಹೊರಗೆ ತಂದರು.

"ಸರೀರ್ರಿ, ಸರೀರ್ರಿ! ಅವನ ಮದ್ದು ಅವನಿಗೇ ತಿರುಗ್ತು!" ತಿಪ್ಪೇಶಣ್ಣ ಹಿಂದಕ್ಕೆ ಹಾರಿದ. ನಾನು ಅವನಿಗಿಂತ ದೂರ ಹಾರಿದ್ದೆ.

"ಮುಳ್ಳು ಕಣ್ರಯ್ಯ!" ದೊಡ್ಡಮ್ಮ ಬುತ್ತಿ ಬಿಚ್ಚಿ ರಾಗಿಮುದ್ದೆಯ ತುತ್ತೊಂದನ್ನು ಅವರ ಬಾಯಿಗೆ ತುರುಕಿದಳು. "ಅಗೀಬ್ಯಾಡ್ರಿ, ನುಂಗ್ರಿ!"

ಮುದ್ದೆಯ ಜೊತೆ ಮುಳ್ಳೂ ಇಳಿಯಿತು. ಸಾರ್ ಕಣ್ಣೀರು ಒರೆಸಿಕೊಂಡು ಕೂತರು. ತಿಪ್ಪೇಶಣ್ಣ ಅವರನ್ನು ಮೇಲಿಂದ ಕೆಳಗೆ ನೋಡಿದ.

"ಮುಳ್ಳು ಬಿಡಿಸಾಕೇ ಬರಲ್ಲ ಇವಯ್ಯಂಗೆ. ಇನ್ನು ಮದ್ದು ಹಾಕ್ತಾನಾ? ಹುರಿದಿದ್ದು ಒಂದು ಕೊಡವ್ವ." ಕೊಟ್ಟರೆ ಬೇಡವೆಂದು ತಲೆಯಾಡಿಸಿದ. "ಅದಲ್ಲ. ಸಾರ್ ತಿಂದು ಉಳಿಸಿದ್ರಲ್ಲ, ಅದೇ ಕೊಡು."

ಅಂದು ಪುಟ್ಟಿ ಖಾಲಿಯಾಯಿತು.

ಹ್ಯಾಟ್ ಸಾರ್‌ಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತು. ಈಗ ಹಿನ್ನೀರಿನಲ್ಲಿ ಸೊಳ್ಳೆಪರದೆಯಂಥ ಬಲೆಗಳು ಬೀಳುತ್ತವೆ, ಮರಿಗಳೂ ಉಳಿಯುವುದಿಲ್ಲ. ಮಾರಲು ಗೆಂಡೆಯೇ ಇಲ್ಲದೆ ದೊಡ್ಡಮ್ಮ ಸಂತೆ ಬಿಟ್ಟಳು. ಆ ಬಲೆ ಯಾರದು, ರಾತ್ರೋರಾತ್ರಿ ಬಂದು ಹೋಗುವ ಜೀಪು ಯಾರದು, ಯಾರಿಗೂ ಬೇಕಿಲ್ಲ.

ಹೋದ ಬೇಸಿಗೆಯಲ್ಲಿ ನಾನೇ ಅಂಥದೊಂದು ತೆಳ್ಳನೆ ಕಡ್ಡಿ ಕೊಂಡು ಅದೇ ದಡದಲ್ಲಿ ನಿಂತೆ. ಮೊದಲು ಸಿಕ್ಕಿದ್ದು ನನ್ನದೇ ಅಂಗಿಯ ಕಾಲರ್. ಮಧ್ಯಾಹ್ನದ ಹೊತ್ತಿಗೆ ಬೆರಳುದ್ದದ ಗೆಂಡೆಯೊಂದು ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು, ಏನೋ ಗೊಣಗಿ ಬಿಟ್ಟೆ. ಮೇಕೆ ಹೊಡೆದುಕೊಂಡು ಬಂದವರೊಬ್ಬರು ಎಲ್ಲವನ್ನೂ ನೋಡಿದರು. ಏನು ಕೇಳುತ್ತಾರೋ ಎಂದು ಉತ್ತರ ಜೋಡಿಸಿಕೊಂಡು ನಿಂತೆ. ಅವರು ಮೊಬೈಲು ತಿಕ್ಕುತ್ತ ಮುಂದೆ ಹೋದರು.

ಒಂದು ಮೇಕೆ ಮಾತ್ರ ತಿರುಗಿ ನಿಂತು, ಬಹಳ ಹೊತ್ತು ನನ್ನನ್ನು ಅನುಮಾನದಿಂದ ನೋಡಿತು.