ನಿದ್ದೆಯಲ್ಲಿ ಗುಂಡಿ ಒತ್ತಿದ ಕೈ

ಕಝಾಕ್ ಬಯಲಿನ ಸರಿಬುಲಾಕ್ ಜಂಕ್ಷನ್ನಿನ ಡಿಪೋದಲ್ಲಿ ಎಂಜಿನಿಯರ್ ಝನಿಲ್‌ಗೆ ಗಡಿಯಾರದಮ್ಮ ಅಂತ ಹೆಸರು. ಎಲೆಕ್ಟ್ರಾನಿಕ್ ಗಡಿಯಾರಗಳನ್ನು ರೈಲು ಎಂಜಿನ್ನಿಗೆ ಕಟ್ಟಿಹಾಕಿ ಒಂಬತ್ತು ಪೇಟೆಂಟ್ ಪಡೆದ ಹೆಂಗಸಿಗೆ ಊರು ಕೊಟ್ಟ ಬಿರುದು ಇಷ್ಟೇ. ನಮ್ಮ ಜನಕ್ಕೆ ಹೊಗಳುವುದರಲ್ಲೂ ಜಿಪುಣತನ. ಒಂಬತ್ತರಲ್ಲಿ ಎಂಟು ಸಲೀಸಾಗಿ ಬಂದವು. ಮೊದಲನೆಯದು ಮಾತ್ರ ಅವಳ ಕರುಳು ಹಿಂಡಿಬಿಟ್ಟಿತು.

ಆಗಿನ ಎಂಜಿನ್ನುಗಳಲ್ಲಿ ಡ್ರೈವರ್ ನಿಮಿಷಕ್ಕೊಮ್ಮೆ ಗುಂಡಿ ಒತ್ತುತ್ತಿರಬೇಕು. ಒತ್ತದಿದ್ದರೆ ಮಲಗಿದ್ದಾನೆಂದು ಬ್ರೇಕು ತಾನಾಗಿ ಬೀಳುತ್ತಿತ್ತು. ಹಳೆಯ ಓಟಗಳಲ್ಲಿ ಗುಂಡಿ ಒತ್ತಿದ್ದೆಲ್ಲ ದಾಖಲಾದ ಕಾಗದದ ಸುರುಳಿ ನೋಡುತ್ತಿದ್ದ ಝನಿಲ್‌ಗೆ ಒಂದರಲ್ಲಿ ವಿಚಿತ್ರ ಕಂಡಿತು. ಹನ್ನೊಂದು ನಿಮಿಷ, ಒತ್ತಿದ ಗುರುತುಗಳು ಅಳತೆಪಟ್ಟಿ ಹಿಡಿದು ಗೀಚಿದಷ್ಟು ಸಮ. ಎಚ್ಚರವಿದ್ದವನು ತುಸು ಹಿಂದೆ ಮುಂದೆ ಒತ್ತುತ್ತಾನೆ. ಇದು ರೂಢಿಬಿದ್ದ ಕೈ ನಿದ್ದೆಯಲ್ಲೇ ಮಾಡಿದ ಕೆಲಸ. ಅವಳು ಹೊತ್ತುಗೊತ್ತಿಲ್ಲದೆ ದೀಪ ಹತ್ತಿಸುವ, ದೀಪ ಕಂಡಾಗ ಮಾತ್ರ ಗುಂಡಿ ಒತ್ತಬೇಕಾದ ಸಾಧನವೊಂದನ್ನು ಮಾಡಿದಳು. ಅರ್ಜಿ ಬರೆಯಲು ಕೂತಾಗಲೇ ಸುರುಳಿಯ ಗಾಡಿ ಸಂಖ್ಯೆ ನೋಡಿದ್ದು. ಆ ಗಾಡಿ ಓಡಿಸಿದ್ದು ಅವಳ ಮಾವ.

ಮೂವತ್ತು ವರ್ಷ ಎಂಜಿನ್ ಓಡಿಸಿದವರು. ಡಿಪೋದ ಗೌರವ ಫಲಕದಲ್ಲಿ ಅವರ ಫೋಟೋ ಇತ್ತು, ನಿವೃತ್ತಿಗೆ ಆರೇ ತಿಂಗಳಿತ್ತು. ಮಲಗಿದ್ದೆ ಎಂದು ಒಪ್ಪಿಕೊಂಡ ಡ್ರೈವರನ್ನು ಅವತ್ತೇ ಎಂಜಿನ್ನಿನಿಂದ ಇಳಿಸುತ್ತಿದ್ದರು.

ಝನಿಲ್ ಅರ್ಜಿಯಲ್ಲಿ ಆ ಹನ್ನೊಂದು ನಿಮಿಷವನ್ನೇ ಸಾಕ್ಷಿಯಾಗಿ ಕೊಟ್ಟು, ಡ್ರೈವರ್ ಹೆಸರಿನ ಜಾಗದಲ್ಲಿ ‘ನಮ್ಮ ಮನೆಯ ಹಿರಿಯರು’ ಎಂದು ಬರೆದು ಮಾಸ್ಕೋದ ಪೇಟೆಂಟ್ ಕಚೇರಿಗೆ ಕಳಿಸಿದಳು. ಮಾವನ ಹೆಸರು ಹೇಳುವ ಸೊಸೆ ನಮ್ಮ ಕಝಾಕರಲ್ಲಿಲ್ಲ, ನಿಜ. ಆದರೆ ಆ ಸಂಪ್ರದಾಯ ಅವಳಿಗೆ ಒಳ್ಳೆಯ ಮರೆಯೂ ಆಯಿತು ಅನ್ನಿ. ಮಾಸ್ಕೋದವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಹೆಸರಿಲ್ಲದ ಸಾಕ್ಷಿ ಸಾಕ್ಷಿಯೇ ಅಲ್ಲ ಎಂದು ಅರ್ಜಿ ವಾಪಸು ಬಂತು. ಅರ್ಜಿ ತಿರಸ್ಕೃತವಾಯಿತೆಂದಷ್ಟೇ ತಿಳಿದ ಡಿಪೋವೆಲ್ಲ ನಕ್ಕಿತು.

ಸಂಜೆ ಚಹಾಕ್ಕೆ ಕೂತಾಗ ಮಾವ ಬಟ್ಟಲು ಮುಂದೆ ಚಾಚಿದರು. ‘ಮಾಸ್ಕೋದವರು ನಿಮ್ಮನೆ ಹಿರಿಯನ್ನ ಹುಡುಕ್ತಿದಾರಂತೆ. ಅವನ ಹೆಸರು ಗೊತ್ತಿಲ್ವೇನಮ್ಮ?’

‘ಹೇಳೋ ಹಾಗಿಲ್ವಲ್ಲ, ಅತಾ,’ ಅಂದಳು ಝನಿಲ್. ಮಾವನನ್ನು ಅವಳು ಕರೆಯುತ್ತಿದ್ದುದು ಹಾಗೆ.

‘ಸಂಪ್ರದಾಯದ ಕಥೆ ಬಿಡು. ನನ್ನ ಫೋಟೋ ಇಳಿಸ್ತಾರೆ ಅಂತ ಹೆದರಿದೀಯ.’

ಝನಿಲ್ ತಲೆ ತಗ್ಗಿಸಿ ಚಹಾಕ್ಕೆ ಹಾಲು ಬೆರೆಸಿದಳು. ‘ಅರ್ಜಿ ಹಾಗೇ ಬಿದ್ದಿರ್ಲಿ. ನೀವು ಮರ್ಯಾದೆಯಿಂದ ನಿವೃತ್ತಿ ಆಗಿ. ಆಮೇಲೆ ನೋಡೋಣ.’

‘ಆರು ತಿಂಗಳಲ್ಲಿ ಇನ್ನೆಷ್ಟು ಜನ ಮಲಗ್ತಾರೋ.’

ಅತ್ತೆ ಕುಲ್ಪಾಶ್ ಅಡುಗೆಮನೆಯಲ್ಲಿ ಬೌರ್ಸಾಕ್ ಎಂಬ ಹಿಟ್ಟಿನ ಉಂಡೆ ಕರಿಯುತ್ತಿದ್ದರು. ಮಾವ ದನಿ ತಗ್ಗಿಸಿದರು.

‘ಅವತ್ತು ಎಚ್ಚರ ಆಗೋ ಹೊತ್ತಿಗೆ ಎರಡು ಸಿಗ್ನಲ್ ದಾಟಿದ್ದೆ. ಕೆಂಪೋ ಹಸಿರೋ ದೇವರಿಗೇ ಗೊತ್ತು. ನಿಮ್ಮತ್ತೆ ಅದೇ ಗಾಡೀಲಿ ತಂಗಿ ಮನೆಯಿಂದ ಬರ್ತಿದ್ಲು. ಇಳಿದವಳೇ ಎಂಜಿನ್ ಹತ್ರ ಬಂದು ಏನಂದ್ಲು ಗೊತ್ತಾ? ಎಷ್ಟು ನಯವಾಗಿ ಓಡಿಸಿದ್ರಿ, ದಾರಿಯುದ್ದಕ್ಕೂ ನನಗೆ ಒಂದ್ಸಲಾನೂ ಎಚ್ಚರ ಆಗ್ಲಿಲ್ಲ ಅಂದ್ಲು. ನಾಲ್ಕು ವರ್ಷ ಆಯ್ತು. ಆ ಮಾತು ನನ್ನ ಎದೇಲಿ ಚುಚ್ತಾನೇ ಇದೆ.’

ಝನಿಲ್ ಅಳುತ್ತಲೇ ಅರ್ಜಿ ತಂದಳು. ಅವಳ ಕೈ ಏಳಲಿಲ್ಲ. ಮಾವನೇ ಲೇಖನಿ ಕಿತ್ತುಕೊಂಡು ತಮ್ಮ ಹೆಸರು ಬರೆದು ಸಹಿ ಹಾಕಿದರು. ಮರುದಿನ ಡಿಪೋ ಮುಖ್ಯಸ್ಥನ ಮುಂದೆ ನಿಂತು ಎಲ್ಲ ಹೇಳಿದರು. ಮಧ್ಯಾಹ್ನಕ್ಕೆ ಫೋಟೋ ಕೆಳಗಿಳಿಯಿತು. ಕೊನೆಯ ಆರು ತಿಂಗಳು ಅವರು ಹಳಿಯ ಮೇಲೆ ಚಕ್ರ ಜಾರದಂತೆ ಎಂಜಿನ್ನುಗಳಿಗೆ ತುಂಬುವ ಮರಳು ಜರಡಿ ಹಿಡಿದರು. ಅತ್ತೆ ಮೂರು ದಿನ ಮಾತು ಬಿಟ್ಟರು, ನಾಲ್ಕನೆಯ ದಿನ ಮರಳಿನ ಶೆಡ್ಡಿಗೆ ಬುತ್ತಿ ಹೊತ್ತು ಹೋದರು.

ವರ್ಷದ ಮೇಲೆ ಪೇಟೆಂಟ್ ಬಂತು. ಡಿಪೋದ ಸಭೆಯಲ್ಲಿ ಚಪ್ಪಾಳೆ ನಿಂತ ಮೇಲೆ ಯಾರೋ ಹಿಂದಿನಿಂದ, ಗೊತ್ತಿದ್ದೂ, ‘ಆ ನಿದ್ದೆಬುರುಕ ಯಾರಮ್ಮ?’ ಎಂದು ಕಿಚಾಯಿಸಿದ.

‘ಎಸೆನಾಮನ್ ಬೈಟೂರೊವ್,’ ಅಂದಳು ಝನಿಲ್, ತಲೆಯೆತ್ತಿ.

ಸಭೆಯ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು, ಮುಂದಿನ ಸಾಲಿನಲ್ಲಿದ್ದ ಅತ್ತೆಯ ಕಡೆ ತಿರುಗಿದರು. ತಾವೂ ಒಂದು ದಿನವೂ ಗಂಡನ ಹೆಸರು ಹೇಳದ ಕುಲ್ಪಾಶ್ ಸೊಸೆಯ ಮುಖ ನೋಡಿದರು.

‘ಇನ್ನೊಂದ್ಸಲ ಹೇಳೇ,’ ಅಂದರು. ‘ಹಿಂದಿನೋರಿಗೂ ಕೇಳಿಸ್ಲಿ.’